ಮೊಣಕಾಲು ಒಂಟಿಯಾಗಿ ಬರುವುದಿಲ್ಲ

ಫಿಸಿಯೋಥೆರಪಿ ಓದುತ್ತಿರುವ ನನ್ನ ತಂಗಿಯ ಮಗಳು ಮೊನ್ನೆ ಮನೆಗೆ ಬಂದವಳು, "ದೊಡ್ಡಮ್ಮ, ನಿಮ್ಮ ಕೆಲಸದಾಗ ಎಲ್ಲಕ್ಕಿಂತ ಕಠಿಣ ಯಾವುದು ಹೇಳ್ರಿ. ಭುಜಾನೋ, ಸೊಂಟಾನೋ?" ಎಂದು ಕೇಳಿದಳು. "ಮಂದಿ" ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಇದನ್ನು ಬರೆಯುತ್ತಿರುವುದು ಅವಳಿಗೆ, ಮತ್ತು ಅವಳ ಹಾಗೆ ಪುಸ್ತಕದಲ್ಲಿ ಕೀಲುಗಳ ಬಣ್ಣದ ಚಿತ್ರ ನೋಡಿ ಈ ವೃತ್ತಿಗೆ ಬರುತ್ತಿರುವವರಿಗೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ತಪ್ಪಿಸಿದರು ಎಂಬ ಪುರಾಣ ಇಲ್ಲಿ ಬೇಡ. ಬಡ್ತಿ ಸಿಕ್ಕ ಮೇಲೂ ಕೂತದ್ದು ಅದೇ ಕುರ್ಚಿಯಲ್ಲಿ.

ಹೈದರಾಬಾದಿನ ಒಂದು ಸರ್ಕಾರಿ ಆಸ್ಪತ್ರೆಯ ನೆಲಮಾಳಿಗೆಯ ಮೆಟ್ಟಿಲ ಪಕ್ಕದಲ್ಲಿ ನಮ್ಮ ವಿಭಾಗವಿತ್ತು. ಬಾಗಿಲಿನ ಮೇಲೆ ಉದ್ದನೆಯ ಇಂಗ್ಲಿಷ್ ಹೆಸರು. ರೋಗಿಗಳು ಅದನ್ನು ಓದುವ ಗೋಜಿಗೆ ಹೋಗದೆ 'ಕಸರತ್ ಕಮ್ರಾ', ಎಂದರೆ ವ್ಯಾಯಾಮದ ಕೋಣೆ, ಎನ್ನುತ್ತಿದ್ದರು. ನಾನು 'ಕಸರತ್ ಅಮ್ಮ'. ಕಲಬುರಗಿ, ಬೀದರ್ ಕಡೆಯಿಂದ ಬಂದು ನೆಲೆಸಿದ ಕನ್ನಡದವರು ಮಾತ್ರ 'ಡಾಕ್ಟರ್ ಬಾಯಾರ' ಎಂದು ಕರೆಯುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ಮೊದಮೊದಲು ತಿದ್ದಿದೆ, ಆಮೇಲೆ ಸುಸ್ತಾಗಿ ಬಿಟ್ಟೆ. ನಿಜ ಹೇಳಬೇಕೆಂದರೆ ಹಾಗೆ ಕರೆದ ದಿನ ನನ್ನ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ಇದನ್ನು ಗಮನಿಸಿದ್ದೇ ನನ್ನ ಕುತೂಹಲದ ಶುರು ಎನ್ನಬಹುದು.

ನನ್ನ ಮೊದಲ ಮೇಲಧಿಕಾರಿ ಪ್ರಭಾಕರ ರಾವ್ ಸರ್. ಕೀಲು ಎಷ್ಟು ಬಾಗುತ್ತದೆ ಎಂದು ಅಳೆಯುವ ಪಟ್ಟಿ ಅವರ ಜೇಬಿನಲ್ಲಿ ಸದಾ ಇರುತ್ತಿತ್ತು. ಬೇರೆಯವರು ಪೆನ್ನು ಇಟ್ಟುಕೊಂಡ ಹಾಗೆ. ರೋಗಿ ತನ್ನ ಊರು, ಕೇರಿ, ಸೊಸೆಯ ಸುದ್ದಿ ಶುರು ಮಾಡಿದರೆ ನನ್ನ ಕಡೆ ತಿರುಗಿ, "ಮೋಕಾಲ್ನಿ ಅಡುಗು, ಮನಿಷಿನಿ ಕಾದು" ಎನ್ನುತ್ತಿದ್ದರು. ಮೊಣಕಾಲನ್ನು ಕೇಳು, ಮನುಷ್ಯನನ್ನಲ್ಲ ಎಂದು. ಮನುಷ್ಯರು ಸುಳ್ಳು ಹೇಳುತ್ತಾರೆ, ಕೀಲು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಅವರ ಹತ್ತಿರ ನಾನು ಕಲಿತದ್ದು ಬಹಳ. ಆದರೆ ಈ ಒಂದು ಮಾತು ಮಾತ್ರ ನನಗೆ ಜೀರ್ಣವಾಗಲಿಲ್ಲ. ಏಕೆಂದರೆ ನನ್ನ ಮುಂದೆ ಬಂದ ಯಾವ ಮೊಣಕಾಲೂ ಒಂಟಿಯಾಗಿ ಬಂದದ್ದಿಲ್ಲ. ತಾನು ಇಂಥವನು ಎಂದುಕೊಂಡ ಒಬ್ಬ ಮನುಷ್ಯನನ್ನು ಜೊತೆಗೆ ಕರೆದುಕೊಂಡೇ ಬರುತ್ತಿತ್ತು.

ಖಾಜಾ ಪಹಿಲ್ವಾನರ ಭುಜ ಹಾಗೆ ಬಂತು. ಹಳೇ ಶಹರಿನ ತಾಲೀಮಿನಲ್ಲಿ, ಎಂದರೆ ಗರಡಿಮನೆಯಲ್ಲಿ, ಒಂದು ಕಾಲಕ್ಕೆ ಉಸ್ತಾದರಾಗಿದ್ದವರು. ಅರವತ್ತು ದಾಟಿದ ಮೇಲೆ ಬಲ ಭುಜ ಬಿಗಿದು ಕೂತಿತ್ತು, ಕೈ ಕಿವಿಯವರೆಗೂ ಏಳುತ್ತಿರಲಿಲ್ಲ. ನಾನು ಅವರ ಕೈಗೆ ಹಳದಿ ರಬ್ಬರ್ ಪಟ್ಟಿ ಕೊಟ್ಟು, ಬಾಗಿಲ ಹಿಡಿಗೆ ಕಟ್ಟಿ ಮೆಲ್ಲಗೆ ಎಳೆಯಿರಿ ಎಂದೆ. ಅವರು ಅದನ್ನು ಮೊಮ್ಮಗಳ ಜಡೆಯ ರಿಬ್ಬನ್ ನೋಡಿದ ಹಾಗೆ ನೋಡಿದರು.

"ಯೇ ಮೇರೆ ಕು ನಕ್ಕೋ ಅಮ್ಮಾ," ಇದು ನನಗೆ ಬೇಡ ಎಂದರು.

ಒಂದು ವಾರ ಬಿಟ್ಟು ಬಂದಾಗ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದರು. ರಬ್ಬರ್ ಬೇಡವೆಂದು ಮನೆಯಲ್ಲಿ ಗದೆ ತಿರುಗಿಸಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಬೈದೆ. ತಲೆ ತಗ್ಗಿಸಿ ಕೇಳಿದರು, ಆಮೇಲೆ ತಮ್ಮ ಕಷ್ಟ ಹೇಳಿದರು. ಗಲ್ಲಿಯ ಹುಡುಗರು ಈಗಲೂ ಸಲಾಂ ಉಸ್ತಾದ್ ಎನ್ನುತ್ತಾರೆ. ಅವರ ಕಣ್ಣ ಮುಂದೆ ರಬ್ಬರ್ ಎಳೆಯುತ್ತ ನಿಂತರೆ ಉಸ್ತಾದ್ ಎಲ್ಲಿ ಉಳಿದ?

ಅದನ್ನು ಕೇಳಿ ನನಗೆ ಒಂದು ಉಪಾಯ ಹೊಳೆಯಿತು. ಮರುದಿನದಿಂದ ಅವರನ್ನು ಕಸರತ್ ಕೋಣೆಯ ಉಸ್ತಾದರನ್ನಾಗಿ ಮಾಡಿದೆ. ಭುಜದ ನೋವಿನ ಉಳಿದ ರೋಗಿಗಳು ಸರಿಯಾಗಿ ಎಳೆಯುತ್ತಾರೋ ಇಲ್ಲವೋ ನೀವು ನೋಡಿ ಎಂದೆ. ಕಲಿಸಬೇಕಾದರೆ ತಾನೇ ಮಾಡಿ ತೋರಿಸಬೇಕಲ್ಲ. ಒಬ್ಬೊಬ್ಬರಿಗೂ ತೋರಿಸಿ ತೋರಿಸಿ ಅವರ ಕೈ ಮೇಲೇರಿತು. ರಾವ್ ಸರ್ ಪಟ್ಟಿ ಹಿಡಿದು ಅಳೆದು, ಒಳ್ಳೆಯದು ಎಂದಷ್ಟೇ ಹೇಳಿ ಹೋದರು. ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ನಮ್ಮ ಉಸ್ತಾದರು, ವಾರ್ಡಿಗೆ ಹೋಗುತ್ತಿದ್ದ ನೀರಿನ ಕ್ಯಾನನ್ನು ಆಯಾಳ ಕೈಯಿಂದ ಕಸಿದು ಹೆಗಲಿಗೇರಿಸಿದರು. ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. ಯಾವ ಅಭಿಮಾನ ಕೈಯನ್ನು ಎತ್ತಿಸಿತೋ ಅದೇ ಅಭಿಮಾನ ಅದನ್ನು ಮುರಿಯಲೂ ಬಲ್ಲದು ಎಂದು ನನಗೆ ಅರ್ಥವಾದದ್ದು ಆಗ.

ಇನ್ನೊಬ್ಬರು ನರಸಯ್ಯ, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಪಾರ್ಕಿನ್ಸನ್ ಕಾಯಿಲೆ. ಬಯಲಿನಲ್ಲಿ ಹೇಗೋ ನಡೆಯುತ್ತಿದ್ದರು. ಬಾಗಿಲು ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಪುಸ್ತಕದಲ್ಲಿ ಹೇಳಿದಂತೆ ನೆಲದ ಮೇಲೆ ಬಿಳಿ ಗೆರೆ ಎಳೆದೆ, ಚಪ್ಪಾಳೆ ತಟ್ಟಿದೆ, ಒಂದು ಎರಡು ಎಣಿಸಿದೆ. ಕೆಲವು ದಿನ ಹೆಜ್ಜೆ ಎದ್ದಿತು, ಕೆಲವು ದಿನ ಇಲ್ಲ. ಒಂದು ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತಿದ್ದಾಗ ಹಿಂದಿನಿಂದ ಸ್ಟ್ರೆಚರ್ ಬಂತು. ತಳ್ಳುವವನು ದಾರಿ ಬಿಡಿ ಎಂದು ಕೂಗುತ್ತಿದ್ದಾನೆ, ಇವರ ಕಾಲು ಅಲುಗುತ್ತಿಲ್ಲ. ಆಗ ನರಸಯ್ಯ ತಮ್ಮಷ್ಟಕ್ಕೆ ತಾವೇ, "ರೈಟ್, ರೈಟ್" ಎಂದರು. ಕಾಲು ಎದ್ದು ಹೊರಟೇಬಿಟ್ಟಿತು.

ಅವರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು, ನಗುತ್ತ ನಗುತ್ತ ಅತ್ತರು. ನನಗಂತೂ ಆ ವಾರವೆಲ್ಲ ಅದೇ ಗುಂಗು. ನಾನು ಅದೇ ಧಾಟಿಯಲ್ಲಿ ರೈಟ್ ರೈಟ್ ಎಂದು ನೋಡಿದೆ, ಕೆಲಸಕ್ಕೆ ಬರಲಿಲ್ಲ. ಅವರ ಹೆಂಡತಿ ಹೇಳಿದರೂ ಬರಲಿಲ್ಲ. ನರಸಯ್ಯ ನನ್ನನ್ನು ಸಮಾಧಾನ ಮಾಡುವಂತೆ, "ಅದಿ ಕಂಡಕ್ಟರೇ ಚೆಪ್ಪಾಲಮ್ಮಾ," ಎಂದರು. ಅದನ್ನು ಕಂಡಕ್ಟರೇ ಹೇಳಬೇಕಂತೆ. ಲಯಬದ್ಧವಾದ ಯಾವ ಸದ್ದಾದರೂ ಹೀಗೆ ಸಹಾಯ ಮಾಡಬಹುದು ಎಂದು ಪುಸ್ತಕ ಹೇಳುತ್ತದೆ, ಇರಬಹುದು. ಆ ಹೆಜ್ಜೆ ಎತ್ತಿದ್ದು ಸದ್ದೋ ಕಂಡಕ್ಟರೋ ಎಂದು ನಾನು ಇನ್ನೂ ತೀರ್ಮಾನ ಮಾಡಿಲ್ಲ.

ನಿವೃತ್ತಿಯಾದ ಮೇಲೆ ಈ ಪಾಠ ನನ್ನ ಮೈಮೇಲೇ ಬಂತು. ಕೆಲಸ ಬಿಟ್ಟ ಕೆಲವೇ ವಾರಕ್ಕೆ ಮೊಣಕಾಲು ನೋವು. ಯಾವ ಕಸರತ್ತು ಮಾಡಬೇಕೆಂದು ನನಗೆ ಗೊತ್ತಿತ್ತು, ಮಾಡಲಿಲ್ಲ. ಮಂಚದ ಮೇಲೆ ಮಲಗಿ ಕಾಲೆತ್ತುವವರು ರೋಗಿಗಳು, ನಾನು ಪಕ್ಕದಲ್ಲಿ ನಿಲ್ಲುವವಳು ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಕೊನೆಗೆ ದಿಲ್‌ಸುಖ್‌ನಗರದಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ತರುಣ ಫಿಸಿಯೋಥೆರಪಿಸ್ಟ್ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಅದರೊಳಗೆ ಒಂದು ಗೊಂಬೆ ಕಾಲೆತ್ತಿ ತೋರಿಸುತ್ತದೆ, ಮಾಡದಿದ್ದರೆ ಗಂಟೆ ಬಾರಿಸುತ್ತದೆ. ಒಳ್ಳೆಯದೇ. ನಮ್ಮ ಕಾಲದಲ್ಲಿ ಕೈ ಅದ್ದುವ ಬಿಸಿ ಮೇಣದ ತೊಟ್ಟಿ, ಹಗ್ಗ, ರಾಟೆ, ನರಳುವ ಒಂದು ಶಾಖದ ಯಂತ್ರ ಇಷ್ಟೇ ಇದ್ದದ್ದು. ದೂರದ ಊರಿನವರಿಗೆ ಆ್ಯಪ್ ದೊಡ್ಡ ಉಪಕಾರ. ಆದರೆ ಆ ಗೊಂಬೆ ಪಹಿಲ್ವಾನರಿಗೂ ನನಗೂ ಒಂದೇ ಮುಖ ತೋರಿಸುತ್ತದೆ. ನೀವು ಯಾರು ಎಂದು ಅದು ಕೇಳುವುದಿಲ್ಲ.

ಇನ್ನು ಕಾಶಮ್ಮನವರ ವಿಷಯ. ನಾನು ಬರೆಯಲು ಕೂತದ್ದೇ ಅವರ ಕಥೆ ಹೇಳಲು.

ಕಲಬುರಗಿ ಕಡೆಯವರು. ಮದುವೆಯಾಗಿ ಬಂದಾಗಿನಿಂದ ಹೈದರಾಬಾದಿನಲ್ಲೇ ಇದ್ದರು. ಐವತ್ತೈದರ ಸುಮಾರಿಗೆ ಲಕ್ವಾ, ಎಂದರೆ ಪಾರ್ಶ್ವವಾಯು, ಹೊಡೆದು ಬಲಗೈ ಬಿದ್ದುಹೋಗಿತ್ತು. ಕಾಲು ಬೇಗ ಸುಧಾರಿಸಿತು, ಮಾತಿಗೆ ಏನೂ ಆಗಿರಲಿಲ್ಲ, ಕೈ ಮಾತ್ರ ಹೆಬ್ಬೆರಳನ್ನು ಒಳಗಿಟ್ಟುಕೊಂಡು ಮುಷ್ಟಿ ಕಟ್ಟಿತ್ತು. ಪತಿ ಸಿದ್ರಾಮಪ್ಪನವರು ಕಂದಾಯ ಇಲಾಖೆಯಿಂದ ನಿವೃತ್ತರು, ಬಹಳ ಮಾತಿನವರು, ಹೆಂಡತಿಯ ಮೇಲೆ ಪ್ರಾಣ. ಆಕೆಯ ತಲೆ ಬಾಚಿ ಜಡೆ ಹಾಕುವುದನ್ನು ಆ ವಯಸ್ಸಿನಲ್ಲಿ ಕಲಿತುಕೊಂಡಿದ್ದರು. ಮೊದಲ ದಿನವೇ ನನಗೆ ಹೆಂಡತಿಯ ಪರಿಚಯ ಮಾಡಿಸಿದ್ದು ಹೀಗೆ:

"ನಮ್ಮಾಕಿ ಕೈಯಾಗಿನ ರೊಟ್ಟಿ ತಿನ್ನದ ಕನ್ನಡದವರು ಹೈದರಾಬಾದಿನಾಗ ಯಾರದಾರ್ರಿ, ಡಾಕ್ಟರ್ ಬಾಯಾರ?"

ಅತಿಶಯೋಕ್ತಿಯೇನಲ್ಲ. ಅವರ ಮನೆಯಲ್ಲಿ ಪ್ರತಿ ಭಾನುವಾರ, ಅವರ ಮಾತಿನಲ್ಲಿ ಐತವಾರ, ಜೋಳದ ರೊಟ್ಟಿಯ ಪಂಕ್ತಿ. ಸಿದ್ರಾಮಪ್ಪನವರ ಹಳೆಯ ಸಹೋದ್ಯೋಗಿಗಳು, ಅವರ ಮನೆಯವರು, ಬೆಂಗಳೂರು ಮಂಗಳೂರು ಕಡೆಯಿಂದ ಕೆಲಸಕ್ಕೆ ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗ ಹುಡುಗಿಯರು, ಎಲ್ಲರೂ ಬರುತ್ತಿದ್ದರು. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ. ಹಂಚಿನ ಮುಂದೆ ಕಾಶಮ್ಮ. ರೊಟ್ಟಿ ಬಡಿಯುವ ಸದ್ದು ಕೇಳಿಯೇ ಹೊಟ್ಟೆ ತುಂಬುತ್ತದೆ ಎಂದು ಬಂದವರು ಹೊಗಳುತ್ತಿದ್ದರಂತೆ. ಸಿದ್ರಾಮಪ್ಪ ಇದನ್ನೆಲ್ಲ ಹೇಳುವಾಗ ಕಾಶಮ್ಮ ಗೋಡೆ ನೋಡುತ್ತಿದ್ದರು. ನಾನು ಅದನ್ನು ದುಃಖ ಎಂದುಕೊಂಡೆ.

ಅಷ್ಟು ಹೊತ್ತಿಗೆ ನನ್ನ ವಿದ್ಯೆಯ ಮೇಲೆ ನನಗೆ ಬಲವಾದ ನಂಬಿಕೆ ಬಂದಿತ್ತು. ಮನುಷ್ಯ ಯಾರು ಎಂದು ತಿಳಿದುಕೋ, ಕಸರತ್ತನ್ನು ಅಲ್ಲಿಗೆ ಗಂಟು ಹಾಕು. ಇಲ್ಲಿ ಯೋಚಿಸುವುದೇನಿದೆ? ಜೋಳದ ಹಿಟ್ಟು ತನ್ನಿ ಎಂದೆ. ಸಿದ್ರಾಮಪ್ಪ ಮರುದಿನವೇ ಸ್ಟೀಲ್ ಡಬ್ಬಿಯಲ್ಲಿ ಹಿಟ್ಟು, ಫ್ಲಾಸ್ಕಿನಲ್ಲಿ ಬಿಸಿನೀರು ತಂದರು. ನಾನೇ ಹಿಟ್ಟು ಕಲಸಿ ಅವರ ಕೈಯನ್ನು ಅದರ ಮೇಲಿಟ್ಟೆ. ಮುಷ್ಟಿ ಇನ್ನೂ ಗಟ್ಟಿಯಾಯಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ. ರಬ್ಬರ್ ಚೆಂಡಿಗೆ ಅಷ್ಟೋ ಇಷ್ಟೋ ಸಡಿಲುತ್ತಿದ್ದ ಬೆರಳು ಹಿಟ್ಟು ಕಂಡರೆ ಮುಚ್ಚಿಕೊಳ್ಳುತ್ತಿತ್ತು.

ಒಂದು ದಿನ ಸಿದ್ರಾಮಪ್ಪ ಚಹಾ ಕುಡಿಯಲು ಹೊರಗೆ ಹೋಗಿದ್ದರು. ಕಾಶಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವರು, ಹಣೆಗೆ ಬಿದ್ದ ಕೂದಲನ್ನು ಬಲಗೈಯಿಂದಲೇ ಕಿವಿಯ ಹಿಂದೆ ಸರಿಸಿಕೊಂಡರು. ನಾನು ನೋಡಿದೆ. ನಿವೃತ್ತಿಯ ಅಂಚಿನಲ್ಲಿದ್ದ ರಾವ್ ಸರ್‌ಗೆ ಹೇಳಿದೆ. "ನಾಟಕಂ," ಎಂದರು ಅವರು, ಪಟ್ಟಿ ಜೇಬಿಗೆ ಹಾಕುತ್ತ.

ನನಗೆ ಒಪ್ಪಿಗೆಯಾಗಲಿಲ್ಲ. ನಾಟಕದ ಕೈಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾಟಕದ ಕೈ ಎಲ್ಲ ಕಡೆಯೂ ಒಂದೇ ರೀತಿ ಬಿದ್ದಿರುತ್ತದೆ, ಆ ಕೈಯವರು ನಾವು ನೋಡುತ್ತಿದ್ದೇವೋ ಎಂದು ಓರೆಗಣ್ಣು ಹಾಕುತ್ತಾರೆ. ಕಾಶಮ್ಮನವರು ಹಾಗೆ ನೋಡುತ್ತಿರಲಿಲ್ಲ. ಹಿಟ್ಟಿನ ಮುಂದೆ ತಮ್ಮ ಕೈ ಏಕೆ ಹೀಗೆ ಮಾಡುತ್ತದೆ ಎಂದು ಅವರಿಗೂ ಬೆರಗಿತ್ತು. ಮತ್ತು ನನಗೆ ಭಯವಿತ್ತು. ಲಕ್ವಾ ಹೊಡೆದ ಮೊದಲ ಕೆಲವು ತಿಂಗಳಲ್ಲೇ ಕೈಗೆ ಹೆಚ್ಚು ಕೆಲಸ ಕೊಡಬೇಕು. ಮುಷ್ಟಿ ಹಾಗೆಯೇ ಬಿಗಿದು ನಿಂತರೆ ಮುಂದೆ ಅಂಗೈ ತೊಳೆಯಲೂ ಬೆರಳು ಬಿಡಿಸಲಾಗದು. ಸೀರೆ ಉಡಲು, ಸ್ನಾನಕ್ಕೆ, ಎಲ್ಲಕ್ಕೂ ಇನ್ನೊಬ್ಬರು ಬೇಕು. ಇದನ್ನು ಬಿಡಿಸಿ ಹೇಳಿದೆ. ಕಾಶಮ್ಮ ಹೂಂ ಎಂದರು, ಅಷ್ಟೇ.

ನಮ್ಮ ಕೋಣೆಯ ಮೂಲೆಯಲ್ಲಿ ಬೆರಳಿನ ರೋಗಿಗಳಿಗೆಂದು ಒಂದು ಹಳೆಯ ಕೇರಂ ಬೋರ್ಡ್ ಇತ್ತು. ಮೊಣಕೈ ಮುರಿದುಕೊಂಡಿದ್ದ ಯಾದಗಿರಿ ಎಂಬ ಆಟೋ ಡ್ರೈವರ್ ಒಬ್ಬನೇ ಆಡುತ್ತಿದ್ದ. ಆ ದಿನ ಮಂಚ ಖಾಲಿಯಿಲ್ಲದೆ ಕಾಶಮ್ಮನವರನ್ನು ಅವನ ಎದುರು ಕೂರಿಸಿದ್ದೆ. ಅವನು ಮೂಲೆಯ ಬಾಯಲ್ಲಿದ್ದ ರಾಣಿಯನ್ನು ಹೊಡೆಯಲು ಹೋಗಿ ತಪ್ಪಿದ. ಕಾಶಮ್ಮ ಲೊಚಗುಟ್ಟಿದರು. "ಮೀರು ಕೊಟ್ಟಂಡಿ ಅಮ್ಮಾ," ನೀವೇ ಹೊಡೆಯಿರಿ ಎಂದು ಯಾದಗಿರಿ ಸ್ಟ್ರೈಕರನ್ನು ಅವರ ಕಡೆ ತಳ್ಳಿದ, ಅವನಿಗೆ ಅವರ ಕೈಯ ಸಂಗತಿ ಗೊತ್ತಿರಲಿಲ್ಲ.

ಕಾಶಮ್ಮ ಎಡಗೈಯಿಂದ ಸ್ಟ್ರೈಕರ್ ಸರಿಪಡಿಸಿದರು. ಬಲಗೈಯನ್ನು ಬೋರ್ಡಿನ ಅಂಚಿಗೆ ಎತ್ತಿಟ್ಟರು. ಮುಷ್ಟಿಯೊಳಗಿಂದ ತೋರುಬೆರಳು ನಿಧಾನವಾಗಿ ಹೊರಗೆ ಬಂತು. ಮೊದಲ ಏಟಿಗೆ ಸ್ಟ್ರೈಕರ್ ಅರ್ಧ ದಾರಿಗೆ ನಿಂತಿತು. ಎರಡನೆಯದು ರಾಣಿಯನ್ನು ಮುಟ್ಟಿತು. ನಾನು ಶಾಖದ ಯಂತ್ರದ ಪಕ್ಕ ನಿಂತು ಎಷ್ಟು ಮೈಮರೆತೆನೆಂದರೆ, ಮಂಚದ ಮೇಲಿದ್ದ ರೋಗಿ ಅಮ್ಮಾ ಸುಡುತ್ತಿದೆ ಎಂದು ಎಚ್ಚರಿಸಬೇಕಾಯಿತು.

ಆಮೇಲೆ ಅವರ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. "ಎಲ್ಲಿ ಕಲಿತ್ರಿ ಕಾಶಮ್ಮಾರ?"

"ತವರಮನ್ಯಾಗ. ಅಣ್ಣಗೋಳ ಜೋಡಿ ಆಡ್ತಿದ್ದೆ. ಮೂರೂ ಮಂದೀನ ಸೋಲಸ್ತಿದ್ದೆ ನೋಡ್ರಿ." ಬೋರ್ಡಿನ ಬೋರಿಕ್ ಪುಡಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಮದುವ್ಯಾದಮ್ಯಾಲ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗs ಮರತಿತ್ತು."

ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು. "ನಿಮಗೊಂದು ಮಾತು ಹೇಳ್ತೀನಿ, ನಮ್ಮನ್ಯಾಗ ಹೇಳಬ್ಯಾಡ್ರಿ. ಲಕ್ವಾ ಹೊಡೆದಾಗ ಎಲ್ಲಾರೂ ಅಳಾಕತ್ತಿದ್ರು. ನಾ ಮಂಚದ ಮ್ಯಾಲ ಬಿದ್ದು ಏನ್ ಅನ್ಕೊಂಡೆ ಗೊತ್ತೇನ್ರಿ? ನಾಳೆ ಐತವಾರ, ರೊಟ್ಟಿ ಇಲ್ಲ ಅಂತ."

"ರೊಟ್ಟಿ ಬಡಿಯೋದು ಬ್ಯಾಸರಾಗಿತ್ತೇನ್ರಿ?"

"ಭಾಳ ವರ್ಷ ಆತ್ರಿ ಬ್ಯಾಸರಾಗಿ. ಆದ್ರ ಎಲ್ಲಾರೂ ಎಷ್ಟು ಪ್ರೀತಿಲೆ ತಿಂತಾರ, ಹೆಂಗ್ ಒಲ್ಲೆ ಅನ್ಲಿ? ನಾ ಅಂದ್ರ ರೊಟ್ಟಿ ಅಂತ ಆಗೈತಿ. ರೊಟ್ಟಿ ಒಲ್ಲೆ ಅಂದ್ರ ನಾ ಯಾರು?" ತಮ್ಮ ಮುಷ್ಟಿಯನ್ನು ನೋಡಿಕೊಂಡರು. "ಈ ಕೈ ಹುಷಾರಾದ್ರ ಮತ್ತ ಆ ಹಂಚಿನ ಮುಂದs ನಿಲ್ಲಬೇಕಲ್ರಿ."

ಅಷ್ಟು ದಿನ ನಾನು ಅವರಿಗೆ ಗುಣವಾಗುವ ದಾರಿ ತೋರಿಸುತ್ತಿದ್ದೇನೆ ಎಂದುಕೊಂಡು, ಯಾವ ಜಾಗದಿಂದ ಅವರ ಕೈ ಓಡಿಹೋಗಿತ್ತೋ ಅಲ್ಲಿಗೇ ಎಳೆದುಕೊಂಡು ಹೋಗುತ್ತಿದ್ದೆ. ಊರೆಲ್ಲ ಒಬ್ಬರನ್ನು ಇಂಥವರು ಎಂದು ಕರೆಯುವುದು ಬೇರೆ, ಅವರು ಒಳಗೆ ತಮ್ಮನ್ನು ತಾವು ಏನೆಂದು ತಿಳಿದಿದ್ದಾರೆ ಎಂಬುದು ಬೇರೆ. ನಾನು ಸಿದ್ರಾಮಪ್ಪನವರನ್ನು ಕೇಳಿದ್ದೆ, ಕಾಶಮ್ಮನವರನ್ನು ಕೇಳಿರಲಿಲ್ಲ.

ಹಿಟ್ಟಿನ ಡಬ್ಬಿಯನ್ನು ವಾಪಸು ಕಳಿಸಿದೆ. ಸದ್ಯಕ್ಕೆ ಬೇಡ, ಬೆರಳಿಗೆ ಬೇರೆ ಕಸರತ್ತು ನಡೆದಿದೆ ಎಂದೆ. ಕಾಶಮ್ಮ ದಿನವೂ ಬಂದು ಮೊದಲು ಬೋರ್ಡಿಗೆ ಪುಡಿ ಉದುರಿಸುತ್ತಿದ್ದರು. ತೋರುಬೆರಳಿನ ಹಿಂದೆ ಮಧ್ಯದ ಬೆರಳು ಬಂತು, ಆಮೇಲೆ ಕಾಯಿ ಎತ್ತಿ ಜೋಡಿಸಲು ಹೆಬ್ಬೆರಳೂ ಬರಬೇಕಾಯಿತು. ಯಾದಗಿರಿಯನ್ನು ರೇಗಿಸುತ್ತಿದ್ದರು, ಸೋತಾಗ ಜಗಳ ತೆಗೆಯುತ್ತಿದ್ದರು. ಅವರ ನಗು ಹೀಗಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಸಿದ್ರಾಮಪ್ಪ ಒಂದು ದಿನ ಬಾಗಿಲಲ್ಲಿ ನಿಂತು ಇದನ್ನು ನೋಡಿ, "ಈಕಿ ಇಷ್ಟು ಮಾತಾಡ್ತಾಳಂತ ನನಗ ಗೊತ್ತs ಇರಲಿಲ್ರಿ," ಎಂದರು. ಬೇಸರದಿಂದ ಹೇಳಿದ್ದಲ್ಲ, ಅವರಿಗೂ ಆಶ್ಚರ್ಯವಾಗಿತ್ತು.

ಕೊನೆಯ ದಿನ ಬಂತು. ಅಂಗೈ ಪೂರ್ತಿ ಬಿಚ್ಚುತ್ತಿತ್ತು, ಹಿಡಿತ ಬಂದಿತ್ತು, ಇನ್ನು ಆಸ್ಪತ್ರೆಗೆ ಬರುವ ಅಗತ್ಯವಿರಲಿಲ್ಲ. ಸಿದ್ರಾಮಪ್ಪ ನನ್ನ ಮೇಜಿನ ಮುಂದೆ ಕೂತು, ನಾನು ಹೆದರುತ್ತಿದ್ದ ಪ್ರಶ್ನೆಯನ್ನೇ ಕೇಳಿದರು.

"ಡಾಕ್ಟರ್ ಬಾಯಾರ, ಕೈ ಈಗ ಛಲೋ ಆಗೈತಿ. ಮಂದಿ ದಿನಾ ಫೋನ್ ಮಾಡಿ ಕೇಳಾಕತ್ತಾರ. ಈ ಐತವಾರ ರೊಟ್ಟಿ ಬಡೀಬಹುದಲ್ರಿ?"

ನನ್ನ ಹತ್ತಿರ ಒಂದು ಸುಳ್ಳು ತಯಾರಿತ್ತು. ಹಂಚಿನ ಶಾಖ ಈ ಕೈಗೆ ಆಗುವುದಿಲ್ಲ, ಜೀವಮಾನದಲ್ಲಿ ರೊಟ್ಟಿ ಮುಟ್ಟಬಾರದು ಎಂದುಬಿಟ್ಟರೆ ಮುಗಿಯಿತು. ಬಿಳಿ ಕೋಟು ಹಾಕಿಕೊಂಡು ಹೇಳಿದ ಸುಳ್ಳನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಹಾಗೆ ಹೇಳಿದರೆ ಕಾಶಮ್ಮ ಬಿಡುವು ಪಡೆಯಲು ಜೀವನಪೂರ್ತಿ ಅರ್ಧ ರೋಗಿಯಾಗಿಯೇ ಇರಬೇಕು. ಆ ಕೈ ಮತ್ತೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ ಎಂದು ನನಗೆ ಅನ್ನಿಸಿತು. ಹೇಳಲೋ ಬೇಡವೋ ಎಂದು ನಾನು ಅವರ ಚೀಟಿಯನ್ನು ತಿರುಗಿಸಿ ನೋಡುತ್ತಿದ್ದೆ.

ಕಾಶಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಐದೂ ಬೆರಳು ಅಗಲಿಸಿ, ಗಂಡನಿಗೆ ಕಾಣುವಂತೆ ಒಮ್ಮೆ ಮಡಚಿ ಬಿಚ್ಚಿದರು.

"ಕೈಲೆ ಆಗ್ತೈತ್ರಿ," ಎಂದರು. "ನಾ ಒಲ್ಲೆ."

ಸಿದ್ರಾಮಪ್ಪ ನನ್ನ ಮುಖ ನೋಡಿದರು. ಇದೂ ನನ್ನ ಚಿಕಿತ್ಸೆಯ ಒಂದು ಭಾಗವೇ ಎಂದು ಕೇಳುವ ಹಾಗಿತ್ತು. ನಾನು ಕಾಶಮ್ಮನವರ ಕಡೆ ನೋಡಿದೆ. ಅವರು ಹೆಂಡತಿಯ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ನಿಜಕ್ಕೂ ತೋಚದೆ ಕೇಳಿದರು.

"ಮತ್ತ ಕೇಳೋ ಮಂದಿಗೆ ನಾ ಏನಂತ ಹೇಳ್ಲಿ?"

"ಕಾಶಮ್ಮ ಹುಷಾರಾಗ್ಯಾಳ ಅಂತ ಹೇಳ್ರಿ," ಎಂದು ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು.